ಬೆಟ್ಟದಲ್ಲಿ ಸಿಕ್ಕಿಬಿದ್ದವರಿಗೆ ಬಿಲ್ ಕಳಿಸಬೇಕೇ?

ಟಾರ್ಚ್ ಇಲ್ಲ, ನೀರು ಅರ್ಧ ಬಾಟಲಿ, ಕಾಲಲ್ಲಿ ಯಾವುದೋ ಚಪ್ಪಲಿ. ಹೀಗೆ ಕಡಿದಾದ ಬೆಟ್ಟ ಹತ್ತಿದವರು ನಡುದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಇಳಿಸಲು ಜನ ಬರಬೇಕು, ಕೆಲವೊಮ್ಮೆ ಹೆಲಿಕಾಪ್ಟರೇ ಬರಬೇಕು. ಆ ಖರ್ಚು ಯಾರ ತಲೆಗೆ? ಇಲ್ಲಿ ಇಬ್ಬರು ಬರೆದಿದ್ದಾರೆ. ಒಬ್ಬರು ಸ್ಟ್ರೆಚರ್ ಹೊತ್ತವರು, ಇನ್ನೊಬ್ಬರು ಅದರ ಮೇಲೆ ಮಲಗಿದವರು.

ಪರ: ಕಳಿಸಬೇಕು

ಸ್ಟ್ರೆಚರನ್ನು ಒಂದು ಸಲಕ್ಕೆ ಆರು ಜನ ಹಿಡಿಯಬೇಕು. ಇಳಿಜಾರು ಜಾಸ್ತಿ ಇದ್ದರೆ ಹಿಂದಿನಿಂದ ಹಗ್ಗ ಬಿಗಿಹಿಡಿಯುವವರು ಬೇರೆ. ಸ್ವಲ್ಪ ದೂರಕ್ಕೇ ಬೆರಳು ಮರಗಟ್ಟುತ್ತವೆ, ಆಗ ಕೈ ಬದಲಾಯಿಸಲು ಇನ್ನಷ್ಟು ಜನ ಬೇಕು. ರಾತ್ರಿ ಹೊತ್ತು, ಬಂಡೆಯೆಲ್ಲ ಒದ್ದೆ, ಹೆಡ್‌ಲ್ಯಾಂಪ್ ಬೆಳಕಲ್ಲಿ ಮುಂದಿನವನ ಹಿಮ್ಮಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಮ್ಮೆ ಹೀಗೆ ಇಳಿಯುತ್ತಿದ್ದಾಗ ಮೇಲೆ ಮಲಗಿದ್ದ ಹುಡುಗ ಕೇಳಿದ: ‘ಅಣ್ಣಾ, ಇದಕ್ಕೆ ನಿಮಗೆ ಎಷ್ಟು ಕೊಡ್ತಾರೆ?’ ಎಲ್ಲರೂ ನಕ್ಕುಬಿಟ್ಟೆವು. ಬೆಳಗಾದರೆ ನಮಗೆಲ್ಲ ನಮ್ಮ ನಮ್ಮ ಕೆಲಸಕ್ಕೆ ಹೋಗುವುದಿತ್ತು.

ಅವನ ಕಾಲು ಉಳುಕಿದ್ದು ತಪ್ಪಲ್ಲ. ಅದು ಯಾರಿಗೂ ಆಗಬಹುದು. ಮಧ್ಯಾಹ್ನ ಮೂರು ಗಂಟೆಗೆ ಹತ್ತಲು ಶುರು ಮಾಡಿದ್ದು ತಪ್ಪು. ಸ್ಕಾಟ್ಲೆಂಡಿನ ಬೆಟ್ಟಗಾರ ವಿಲಿಯಂ ನೈಸ್ಮಿತ್ 1892ರಲ್ಲೇ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದಾರಿಯಲ್ಲಿ 1,200 ಮೀಟರ್ ಏರಬೇಕು ಅಂದರೆ ನಾಲ್ಕು ಗಂಟೆ. ಅದೂ ಗಟ್ಟಿಮುಟ್ಟಾದವರಿಗೆ. ಫೋಟೋ, ಸುಸ್ತು, ಕೂತು ಹರಟುವುದು ಯಾವುದೂ ಇದರಲ್ಲಿ ಸೇರಿಲ್ಲ. ಮೂರಕ್ಕೆ ಹೊರಟವನು ತುದಿ ಮುಟ್ಟುವಾಗಲೇ ಏಳು. ಅವನ ಹತ್ತಿರ ಟಾರ್ಚ್ ಇರಲಿಲ್ಲ. ಇದನ್ನು ದುರದೃಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿನ ಮೌಂಟ್ ವಾಷಿಂಗ್ಟನ್ ಬರೀ 1,917 ಮೀಟರ್ ಎತ್ತರ. ಎತ್ತರ ನೋಡಿ ಸಲೀಸು ಅಂದುಕೊಂಡು ಹೋಗುತ್ತಾರೆ. ಆದರೆ 1934ರಲ್ಲಿ ಅದರ ತುದಿಯಲ್ಲಿ ಬೀಸಿದ ಗಾಳಿಯ ವೇಗ ಗಂಟೆಗೆ 372 ಕಿಲೋಮೀಟರ್! ಅಲ್ಲಿ ಸ್ವಂತ ನಿರ್ಲಕ್ಷ್ಯದಿಂದ ಸಿಕ್ಕಿಬಿದ್ದರೆ ರಕ್ಷಣೆಯ ಖರ್ಚು ಅವರಿಂದಲೇ ವಸೂಲು. ಅನ್ಯಾಯ ಅನ್ನಿಸಿದರೆ ಇದನ್ನೂ ನೋಡಿ: ಅಲ್ಲಿನ ರಕ್ಷಣಾ ನಿಧಿಗೆ ವರ್ಷಗಟ್ಟಲೆ ದುಡ್ಡು ಬರುತ್ತಿದ್ದದ್ದು ದೋಣಿ, ಹಿಮದ ಮೇಲೆ ಓಡುವ ಗಾಡಿ ಇಂಥವನ್ನು ನೋಂದಾಯಿಸುವವರಿಂದ. ಸಿಕ್ಕಿಬೀಳುತ್ತಿದ್ದವರು ಹೆಚ್ಚಾಗಿ ಚಾರಣಿಗರು. ಯಾರದೋ ದುಡ್ಡು, ಯಾರದೋ ಜಾತ್ರೆ. 2015ರಿಂದ ಅಲ್ಲಿ ‘ಹೈಕ್ ಸೇಫ್’ ಎಂಬ ಕಾರ್ಡ್ ಬಂದಿದೆ. ವರ್ಷಕ್ಕೆ ಸಣ್ಣ ಶುಲ್ಕ ಕಟ್ಟಿ ಅದನ್ನು ಕೊಂಡಿದ್ದರೆ, ತೀರಾ ಹುಚ್ಚಾಟ ಆಡದ ಹೊರತು ಬಿಲ್ ಬರುವುದಿಲ್ಲ. ನನಗಂತೂ ಇದು ಹಿಡಿಸಿತು.

2022ರ ಬೇಸಿಗೆಯಲ್ಲಿ ಫ್ರಾನ್ಸಿನ ಮಾಂಟ್ ಬ್ಲಾಂಕ್ ಬೆಟ್ಟದ ಒಂದು ದಾರಿಯಲ್ಲಿ ಬಿಸಿಲಿಗೆ ಕಲ್ಲುಗಳು ಸಡಿಲಾಗಿ ಉರುಳುತ್ತಿದ್ದವು. ಬೇಡ ಅಂದರೂ ಜನ ಹತ್ತುತ್ತಲೇ ಇದ್ದರು. ಆಗ ಸೇಂಟ್ ಜರ್ವೇ ಊರಿನ ಮೇಯರ್ ಸಿಟ್ಟಿಗೆದ್ದು, ಹತ್ತುವವರು ಮೊದಲೇ 15,000 ಯೂರೋ ಠೇವಣಿ ಇಡಲಿ ಎಂದರು. ರಕ್ಷಣೆಗೆ 10,000, ಅಂತ್ಯಕ್ರಿಯೆಗೆ 5,000. ಮಾತು ಒರಟು, ನಾನು ಅಷ್ಟು ದೂರ ಹೋಗಲಾರೆ. ಆದರೆ ನಡುರಾತ್ರಿ ಬೇರೆಯವರ ಮಗನನ್ನು ಹೊತ್ತು ಇಳಿದವನಿಗೆ ಆ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ವಿರೋಧ: ಬೇಡ

ನನ್ನ ಶೂ ನೋಡಲು ಹೊಸದರ ಹಾಗೇ ಇತ್ತು. ಎರಡೇ ಸಲ ಹಾಕಿ, ಆರು ವರ್ಷ ಡಬ್ಬದಲ್ಲಿ ಜೋಪಾನವಾಗಿ ಇಟ್ಟಿದ್ದೆ. ತುದಿಯಿಂದ ಇಳಿಯಲು ಶುರು ಮಾಡಿದ ಅರ್ಧ ಗಂಟೆಗೆ ಬಲಗಾಲಿನ ಸೋಲ್ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು. ಬಗ್ಗಿ ನೋಡಿದರೆ ಒಳಗೆಲ್ಲ ಪುಡಿಪುಡಿ, ಹಳೇ ರಸ್ಕಿನ ಹಾಗೆ. ಆಮೇಲೆ ತಿಳಿಯಿತು: ಪಾಲಿಯುರೆಥೇನ್ ಸೋಲ್ ಸುಮ್ನೆ ಇಟ್ಟರೂ ಗಾಳಿಯ ತೇವಕ್ಕೇ ಹಾಳಾಗುತ್ತದೆ. ಲೇಸ್ ಬಿಚ್ಚಿ ಸೋಲನ್ನು ಶೂಗೆ ಸುತ್ತಿ ಕಟ್ಟಿದೆ. ನೂರು ಹೆಜ್ಜೆ ಬಂತೋ ಇಲ್ಲವೋ, ಒದ್ದೆ ಬಂಡೆಯ ಮೇಲೆ ಜಾರಿ ಮಂಡಿ ತಿರುಚಿಕೊಂಡಿತು.

ಈಗ ಹೇಳಿ, ನಾನು ತಯಾರಿ ಇಲ್ಲದೆ ಹೋದವಳಾ? ಬಿಲ್ ಬರೆಯುವವರು ಹೌದು ಅನ್ನುತ್ತಾರೆ. ಕೆಟ್ಟ ಶೂ, ಕಾಟನ್ ಅಂಗಿ, ಬೆಚ್ಚಗಿನ ಜಾಕೆಟ್ ಇಲ್ಲ. ಅದೇ ಶೂ ಇನ್ನೊಂದು ದಿನ ತಡೆದಿದ್ದರೆ ಇದೇ ನಾನು ಮನೆಗೆ ಬಂದು ಫೋಟೋ ಹಾಕುತ್ತಿದ್ದೆ, ಯಾರೂ ನಿರ್ಲಕ್ಷ್ಯ ಅನ್ನುತ್ತಿರಲಿಲ್ಲ. ಸಿಕ್ಕಿಬಿದ್ದ ಮೇಲೆ ಯಾರ ಚೀಲ ಬಿಚ್ಚಿ ನೋಡಿದರೂ ಒಂದಲ್ಲ ಒಂದು ಕೊರತೆ ಸಿಗುತ್ತದೆ. ಮೂರಕ್ಕೆ ಹೊರಟ ಹುಡುಗನನ್ನು ನಾನು ಸಮರ್ಥಿಸುತ್ತಿಲ್ಲ. ಅವನಿಗೂ ನನಗೂ ನಡುವೆ ಗೆರೆ ಎಳೆಯುವುದು ಮೇಜಿನ ಹಿಂದೆ ಕೂತವರಿಗೆ ಅಷ್ಟು ಸುಲಭವಾ ಅಂತ ಕೇಳುತ್ತಿದ್ದೇನೆ.

ಕಾರ್ಡ್ ಇರಲಿ, ಒಳ್ಳೆಯದೇ. ಆದರೆ ಟಾರ್ಚ್ ಮರೆತವರು ಕಾರ್ಡ್ ನೆನಪಿಟ್ಟುಕೊಂಡು ಕೊಳ್ಳುತ್ತಾರಾ?

ನನ್ನ ಮುಖ್ಯ ತಕರಾರು ಬೇರೆ. ಬಿದ್ದ ಮೇಲೆ ನಾವು ಫೋನ್ ಮಾಡಲಿಲ್ಲ. ಸಿಗ್ನಲ್ ಇತ್ತು, ಗೆಳತಿಯ ಫೋನಿನಲ್ಲಿ ಚಾರ್ಜೂ ಇತ್ತು. ‘ಮಾಡೋಣ ಕಣೇ’ ಅಂದಳು ಅವಳು. ‘ಬೇಡ, ಎಷ್ಟು ದುಡ್ಡು ಕೇಳ್ತಾರೋ ಏನೋ’ ಅಂದೆ ನಾನು. ಬಂಡೆಯ ಮರೆಯಲ್ಲಿ ಕೂತು ಇಬ್ಬರೂ ಸಾಲದ ಲೆಕ್ಕ ಹಾಕಿದೆವು. ಮಂಜು ಇಳಿಯಿತು. ಬೆವರಿಗೆ ಒದ್ದೆಯಾಗಿದ್ದ ಕಾಟನ್ ಅಂಗಿ ಮೈಗೆ ಅಂಟಿ ತಣ್ಣಗಾಯಿತು. ಬೆಟ್ಟದಲ್ಲಿ ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚು, ಗಾಳಿಯ ಕಾಟ ಬೇರೆ. ಮೊದಲು ನಡುಕ ಬಂತು. ಆಮೇಲೆ ನಾನು ‘ಇಲ್ಲೇ ಮಲಗಿ ಬೆಳಗ್ಗೆ ಇಳಿಯೋಣ, ಏನಾಗಲ್ಲ’ ಅಂದೆನಂತೆ. ಹಾಗೆ ಅಂದದ್ದು ನನಗೆ ನೆನಪೇ ಇಲ್ಲ. ಮೈಯ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಕೈಕಾಲಿನ ಜೊತೆಗೆ ಬುದ್ಧಿಯೂ ಮಂಕಾಗುತ್ತದೆ. ಫೋನ್ ಮಾಡಬೇಕೋ ಬೇಡವೋ ಎಂದು ತೀರ್ಮಾನ ಮಾಡಬೇಕಾದವಳು ಆ ಸ್ಥಿತಿಯಲ್ಲಿದ್ದೆ. ಅಂಥವಳ ತಲೆಯೊಳಗೆ ಬಿಲ್ಲಿನ ಭಯವನ್ನೂ ತುಂಬುತ್ತೀರಾ?

ಇದು ನನ್ನೊಬ್ಬಳ ಮಾತಲ್ಲ. ಅಮೆರಿಕದ ಬೆಟ್ಟ ರಕ್ಷಣಾ ತಂಡಗಳ ಒಕ್ಕೂಟವೇ ವಸೂಲಿ ಬೇಡ ಅನ್ನುತ್ತದೆ. ದುಡ್ಡಿಗೆ ಹೆದರಿ ತಡ ಮಾಡಿದರೆ ಹಗಲಲ್ಲಿ ಮುಗಿಯುವ ಕೆಲಸ ರಾತ್ರಿಗೆ ಬೀಳುತ್ತದೆ, ಆಗ ಹೊರುವವರ ಜೀವಕ್ಕೂ ಅಪಾಯ. ಬ್ರಿಟನ್ನಿನ ಬೆಟ್ಟಗಳಲ್ಲಿ ಇಂದಿಗೂ ಸ್ವಯಂಸೇವಕರೇ ಬರುತ್ತಾರೆ, ಬಿಲ್ ಕೊಡುವುದಿಲ್ಲ. ಆ ಸಿಟ್ಟಿನ ಮೇಯರ್ ಮಾತು ಕೇಳಿಬಂದ ಫ್ರಾನ್ಸಿನ ಕಥೆಯನ್ನೇ ತೆಗೆದುಕೊಳ್ಳಿ. 1956ರ ಕ್ರಿಸ್‌ಮಸ್ ಹೊತ್ತಿಗೆ ಇಬ್ಬರು ಯುವಕರು ಇದೇ ಮಾಂಟ್ ಬ್ಲಾಂಕ್ ಮೇಲೆ ಹಿಮದಲ್ಲಿ ಸಿಕ್ಕಿಬಿದ್ದರು. ಹೋಗುವುದು ಯಾರ ಜವಾಬ್ದಾರಿ ಎಂಬ ಜಗ್ಗಾಟದಲ್ಲಿ ದಿನಗಳು ಕಳೆದವು. ಕೊನೆಗೆ ಹೋದ ಹೆಲಿಕಾಪ್ಟರೂ ಅವರ ಹತ್ತಿರವೇ ಬಿತ್ತು. ಇಬ್ಬರೂ ಉಳಿಯಲಿಲ್ಲ. ಅದಾದ ಮೇಲೆ, 1958ರಲ್ಲಿ, ಬೆಟ್ಟದ ರಕ್ಷಣೆಗೆಂದೇ ಪೊಲೀಸ್ ಪಡೆ ಹುಟ್ಟಿತು.

ಕೊನೆಗೆ ಗೆಳತಿ ನನ್ನನ್ನು ಕೇಳದೆ ಫೋನ್ ಮಾಡಿದಳು. ಬೆಟ್ಟದಲ್ಲಿ ಸಹಾಯಕ್ಕೆ ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು, ಮತ್ತೆ ಒಂದು ನಿಮಿಷ ಬಿಟ್ಟು ಆರು ಸಲ. ನಮ್ಮ ಹತ್ತಿರ ಸೀಟಿ ಎಲ್ಲಿತ್ತು, ಟಾರ್ಚನ್ನೇ ಆರಾರು ಸಲ ಮಿನುಗಿಸಿದೆವು. ತುಂಬಾ ಹೊತ್ತಿನ ಮೇಲೆ ಕೆಳಗಿನಿಂದ ಮೂರು ಸಲ ಸೀಟಿ ಕೇಳಿಸಿತು. ಕಂಡಿದ್ದೇವೆ ಎಂಬ ಉತ್ತರ ಅದು.

ಮೊದಲು ಬಂದವರು ತಮ್ಮ ಜಾಕೆಟ್ ತೆಗೆದು ನನಗೆ ಹಾಕಿದರು. ನೇತಾಡುತ್ತಿದ್ದ ಸೋಲ್ ನೋಡಿ ತಲೆ ಚಚ್ಚಿಕೊಂಡರು. ಆಮೇಲೆ ಒಂದು ಸಣ್ಣ ಪುಸ್ತಕ ತೆಗೆದು ಕೇಳಿದರು: ‘ಫೋನ್ ಬಂದಿದ್ದು ಆರೂ ನಲವತ್ತಕ್ಕೆ. ನೀವು ಬಿದ್ದಿದ್ದು ಎಷ್ಟಕ್ಕೆ?’

‘ಐದೂ ಕಾಲು’ ಅಂದಳು ಗೆಳತಿ.

ಅವರು ಪೆನ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಬರೆದುಕೊಂಡರು.