ಎಪ್ಪತ್ತು ದೊಡ್ಡದಾ, ಹತ್ತು ದೊಡ್ಡದಾ ಅಂತೆ!

ಇಲ್ಲ, ಇದನ್ನು ತಲೆಯಿಂದ ತೆಗೆಯೋಕೆ ಆಗ್ತಿಲ್ಲ. ಮೇಲಿನ ಬೋಲ್ಟೂ ಅದೇ, ಕೆಳಗಿನದೂ ಅದೇ. ಕ್ಯಾಲಿಪರ್ ಬೋಲ್ಟ್ ಮಾರಾಯ್ರೇ! ನಂಬರ್ ಪ್ಲೇಟಿನದಲ್ಲ, ಮುಂದಿನ ಬ್ರೇಕಿನದು, ಪ್ಯಾಡನ್ನು ಡಿಸ್ಕಿಗೆ ಒತ್ತೋ ಕ್ಯಾಲಿಪರನ್ನು ಗಾಡಿಗೆ ಹಿಡಿದಿಡೋದು. ಫಳಫಳ ಹೊಳೆಯೋ ಸ್ಟೇನ್‌ಲೆಸ್ ಬೋಲ್ಟ್ ಜಡಿದು, "ಜನ್ಮದಲ್ಲಿ ತುಕ್ಕು ಹಿಡಿಯಲ್ಲ ಸಾರ್" ಅಂತಾನೆ ಗ್ಯಾರೇಜಿನ ಮೆಕ್ಯಾನಿಕ್.

ತುಕ್ಕಿನ ಬಗ್ಗೆ ಕೇಳಿದವರು ಯಾರು?

ನಾನು ಮೆತ್ತಗೇ ಕೇಳಿದೆ. "ಅಣ್ಣಾ, ಹಳೇದರ ತಲೆ ಮೇಲೆ 10.9 ಅಂತ ಇತ್ತಲ್ಲ?" ಅಷ್ಟೇ. ಅವನು ಇನ್ನೊಂದು ಹೊಸ ಬೋಲ್ಟ್ ಎತ್ತಿ ಬೆಳಕಿಗೆ ಹಿಡಿದ. ಕಣ್ಣು ಕಿರಿದು ಮಾಡಿ ಓದಿದ. "ಎ2-70. ನೋಡಿ ಸಾರ್, ಇದರಲ್ಲೂ ನಂಬರ್ ಇದೆ. ಎಪ್ಪತ್ತು ದೊಡ್ಡದಾ, ಹತ್ತು ದೊಡ್ಡದಾ?" ಕೆಲಸದ ಹುಡುಗ ಕಿಸಕ್ಕನೆ ನಕ್ಕ. ಕಾಯ್ತಾ ಕೂತಿದ್ದವರೆಲ್ಲ ಮೊಬೈಲ್ ಬಿಟ್ಟು ತಲೆ ಎತ್ತಿದರು. ಅಲ್ಲಿಗೂ ಮುಗಿಯಲಿಲ್ಲ. "ಈಗೀಗ ಬೋಲ್ಟಿಗೂ ಮಾರ್ಕ್ಸ್ ಕಾರ್ಡ್ ಕೇಳ್ತಾರಪ್ಪಾ" ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ, ಸ್ಪಾನರನ್ನು ನನ್ನ ಕೈಗೇ ಕೊಟ್ಟ. "ತಗೊಳ್ಳಿ, ನೀವೇ ಟೈಟ್ ಮಾಡಿ."

ನಾನು ತಗೊಂಡೆ! ಯಾಕೆ ತಗೊಂಡೆ? ಬಹುಮಾನ ಗೆದ್ದವನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಬಾಯಿಂದ ಒಂದು ಮಾತು ಹೊರಡಲಿಲ್ಲ.

ಈಗ ಹೊರಡ್ತಿದೆ. 10.9ರಲ್ಲಿ ಹತ್ತನ್ನು ನೂರರಿಂದ ಗುಣಿಸಬೇಕು ಮಹಾರಾಯ. ಚದರ ಮಿಲಿಮೀಟರಿಗೆ 1000 ನ್ಯೂಟನ್ ಎಳೆದರೂ ತುಂಡಾಗಬಾರದು ಅಂತ. ಚುಕ್ಕಿ ಆದಮೇಲಿನ 9 ಇದೆಯಲ್ಲ, ಅದು ಶೇಕಡ 90. ಅಂದರೆ 900ರ ತನಕ ಎಳೆದು ಬಿಟ್ಟರೂ ಬೋಲ್ಟ್ ತನ್ನ ಮೊದಲಿನ ಉದ್ದಕ್ಕೇ ಬರುತ್ತೆ. ನಿನ್ನ ಎಪ್ಪತ್ತನ್ನು ಬರೀ ಹತ್ತರಿಂದ ಗುಣಿಸಬೇಕು. 700. ಅದೂ ತುಂಡಾಗೋ ಲೆಕ್ಕ. 450 ದಾಟಿದರೆ ಹಿಗ್ಗಿದ್ದು ಹಾಗೇ ಉಳಿಯಬಹುದು. ಸರಿಯಾಗಿ ಅರ್ಧ!

"ಜೋರಾಗಿ ಟೈಟ್ ಮಾಡಿದೀನಿ, ಭಯ ಬೇಡ" ಅಂದ. ನನಗೆ ಅದೇ ಭಯ. ಟೈಟ್ ಮಾಡಿದಾಗ ಬೋಲ್ಟ್ ಒಂಚೂರು ಹಿಗ್ಗುತ್ತೆ, ವಾಪಸ್ ಕುಗ್ಗೋಕೆ ನೋಡುತ್ತೆ. ಆ ಎಳೆತವೇ ಕ್ಯಾಲಿಪರನ್ನು ಒತ್ತಿ ಹಿಡಿಯೋದು. 10.9ಕ್ಕೆ ಹೇಳಿದ ಟಾರ್ಕ್, ಅಂದರೆ ತಿರುಗಿಸೋ ಬಲ, ಕೊಟ್ಟರೆ ಈ ಬೋಲ್ಟ್ ಕುಗ್ಗೋದನ್ನೇ ಮರೆಯಬಹುದು. ಕಡಿಮೆ ಕೊಟ್ಟರೆ ಹಿಡಿತ ಸಾಲಲ್ಲ. ಯಾವುದು ಬೇಕು, ಹೇಳಿ?

ಬಿಡಿ. ಅವನು ರಿಪೇರಿ ಮಾಡಿದ ಗಾಡಿಗಳು ಎಷ್ಟೋ ಓಡಾಡ್ತಿವೆ. ನಾನು ಯಾರು? ಬೋಲ್ಟಿನ ತಲೆ ಓದೋ ಪಂಡಿತ. ಮನೆಗೆ ಹೊಸ ಕುರ್ಚಿ ಬಂದರೆ ಮಗುಚಿಹಾಕಿ ನಂಬರ್ ಹುಡುಕುವವನು. "8.8 ಇದೆಯಾ, ಕೂರಬಹುದಾ?" ಅಂತ ಹೆಂಡತಿ ಕೇಳ್ತಾಳೆ.

ಅಲ್ಲ, ಯಾಕೆ ಬಿಡಬೇಕು? ಅಲ್ಲೇ ಕೂತಿದ್ದ ಇನ್ನೊಬ್ಬರು, "ಅಷ್ಟು ಭಯ ಇದ್ದರೆ 12.9 ಹಾಕ್ಸಿ" ಅಂತ ಬಿಟ್ಟಿ ಸಲಹೆ ಬೇರೆ ಕೊಟ್ಟರು. ಅದೂ ಬೇಡ ಸ್ವಾಮೀ! ನಂಬರ್ ಏರಿದ ಹಾಗೆ ಗಟ್ಟಿ, ನಿಜ. ಆದರೆ ಮುರಿಯೋ ಮುಂಚೆ ಬಗ್ಗೋ ಗುಣ ಕಮ್ಮಿ. ಅಂಥದ್ದಕ್ಕೆ ಜಿಂಕ್ ಪ್ಲೇಟಿಂಗ್ ಸರಿಯಾಗಿ ಮಾಡದಿದ್ದರೆ ಒಳಗೆ ಹೈಡ್ರೋಜನ್ ಸೇರುತ್ತೆ. ಟೈಟ್ ಮಾಡಿ ಎಷ್ಟೋ ಹೊತ್ತಾದ ಮೇಲೆ ತಾನಾಗೇ ಪಟ್ ಅಂತ ಮುರಿಯಬಹುದು. ಮೊದಲು ಏನಿತ್ತೋ ಅದನ್ನೇ ಹಾಕಿ ಅಂದರೆ ಅಷ್ಟು ದೊಡ್ಡ ಆಸೆನಾ?

ಹಳೇ ಬೋಲ್ಟಾದ್ರೂ ಕೊಡಿ ಅಂದೆ. ಎಸೆದಾಯಿತಂತೆ. ಥ್ರೆಡ್ ಚೆನ್ನಾಗಿತ್ತು, ತಲೆ ಮೇಲೆ ಮಾತ್ರ ಸ್ವಲ್ಪ ತುಕ್ಕು. ಗಾಡಿ ಯಜಮಾನನನ್ನು ಕೇಳದೆ ಎಸೆಯೋದು ಯಾವ ನ್ಯಾಯ? ಯಾರಾದರೂ ಉತ್ತರ ಹೇಳಿ. ಗ್ಯಾರೇಜ್ ನಡೆಸೋರು ಇದನ್ನು ಓದ್ತಿದ್ದರೆ ನೀವೇ ಹೇಳಿ.

ಗಾಡಿ ಅಲ್ಲೇ ಬಿಟ್ಟು ಬಂದಿದ್ದೇನೆ. ಕಂಪನಿ ಬೋಲ್ಟ್ ನಾನೇ ತರಿಸ್ತೀನಿ. ಟಾರ್ಕ್ ರೆಂಚ್ ಇದೆಯಾ ಅಂತ ಅವನನ್ನು ಕೇಳೋಕೆ ಮಾತ್ರ ನನಗೆ ಧೈರ್ಯ ಇಲ್ಲ.