ಎಲ್ಲರಿಗೂ ಒಂದೇ ‘ಢೋಂಗಿ’ ಏಕೆ?

ಪುಣೆಯಲ್ಲಿ ನೆಲೆ ನಿಂತ ಕಾರವಾರ, ಕುಮಟಾ, ಶಿರಸಿ ಕಡೆಯ ನಮ್ಮವರ ಬಾಯಲ್ಲಿ ಈಗ ‘ಢೋಂಗಿ’ ಒಂದೇ ಉಳಿದಿದೆ. ಭಕ್ತರನ್ನು ಸುಲಿಯುವ ಬಾಬಾನೂ ಢೋಂಗಿ, ಏಕಾದಶಿಯಂದು ಹಸಿವು ತಾಳದೆ ಅವಲಕ್ಕಿ ತಿಂದ ಅಜ್ಜನೂ ಢೋಂಗಿ. ಇದು ಅನ್ಯಾಯ.

ದೇವರ ಹೆಸರಲ್ಲಿ ಮೋಸ ಮಾಡುವವನಿಗೆ ಮರಾಠಿಯಲ್ಲಿ ‘ಭೋಂದೂ’ ಎಂಬ ಖಡಕ್ ಪದವಿದೆ. ಅಷ್ಟು ಬಿಗಿಯಾದ ಮಾತು ನಮ್ಮಲ್ಲಿಲ್ಲ; ‘ಕಳ್ಳ ಸ್ವಾಮಿ’ ಎಂದು ಎರಡು ಪದ ಜೋಡಿಸುತ್ತೇವೆ. ಒಳಭೇದ ಹೇಳುವಾಗ ಮಾತ್ರ ಕನ್ನಡದ ಭಂಡಾರ ದೊಡ್ಡದು. ಡಾಂಭಿಕನಿಗೆ ನೋಡುವ ಜನ ಬೇಕು. ಅವನು ಯಾರ ದುಡ್ಡನ್ನೂ ಹೊಡೆಯದಿರಬಹುದು. ಆಷಾಢಭೂತಿಗೆ ನಂಬುವವನೊಬ್ಬ ಸಾಕು. ಪಂಚತಂತ್ರದಲ್ಲಿ ಅವನು ದೇವಶರ್ಮನ ಶಿಷ್ಯನಾಗಿ ಸೇವೆ ಮಾಡಿ, ವಿಶ್ವಾಸ ಕುದುರಿದ ಮೇಲೆ ಹಣದೊಡನೆ ಪರಾರಿಯಾಗುತ್ತಾನೆ.

ಬಕಧ್ಯಾನ ಇನ್ನೊಂದು ಬಗೆ. ಅಘನಾಶಿನಿ ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಅಂಚಿನಲ್ಲಿ ಕೊಳಬಕ ನಿಲ್ಲುವುದನ್ನು ನೋಡಿ: ಕತ್ತು ಒಳಗೆಳೆದಿರುತ್ತದೆ, ಬೆನ್ನು ಕೆಸರಿನದೇ ಬಣ್ಣ, ಅಲುಗಾಟವಿಲ್ಲ. ಮೀನು ಅಳತೆಗೆ ಸಿಕ್ಕಿತೋ, ಕತ್ತು ಚಿಮ್ಮುತ್ತದೆ. ಬಿಳಿ ರೆಕ್ಕೆ ಕಾಣುವುದು ಅದು ಹಾರಿದಾಗಲೇ. ಆದ್ದರಿಂದ ಈ ಮಾತು ಹೊಂಚು ಹಾಕುವವನಿಗೆ ಮೀಸಲು, ಬರೀ ಮೌನಿಗೆ ಅಂಟಿಸುವಂಥದ್ದಲ್ಲ.

ಬದನೆಕಾಯಿಯ ವಿಷಯದಲ್ಲಿ ಎರಡು ಭಾಷೆಗಳೂ ನೆಂಟರು. ಚಾತುರ್ಮಾಸ್ಯದಲ್ಲಿ ಬದನೆ ವರ್ಜ್ಯ. ಅದಕ್ಕೇ ಮಹಾರಾಷ್ಟ್ರದ ಮನೆಗಳಲ್ಲಿ ಆಷಾಢ ಶುದ್ಧ ನವಮಿಯಂದು, ಚಾತುರ್ಮಾಸ್ಯ ಶುರುವಾಗುವ ಏಕಾದಶಿಗೆ ಮುಂಚೆ, ಈರುಳ್ಳಿ ಬದನೆ ಎರಡನ್ನೂ ತೃಪ್ತಿಯಾಗಿ ಉಣ್ಣುತ್ತಾರೆ, ಅದು ‘ಕಾಂದೇನವಮಿ’. ಅವರ ಗಾದೆ ‘ಪುರಾಣಾತಲೀ ವಾಂಗೀ ಪುರಾಣಾತ’, ಪುರಾಣದ ಬದನೆ ಪುರಾಣದಲ್ಲೇ ಇರಲಿ ಎಂದು. ನಮ್ಮದು ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’. ಅವರದು ಉಪದೇಶವನ್ನು ಪುಸ್ತಕದೊಳಗೆ ಬಿಟ್ಟು ಏಳುತ್ತದೆ. ನಮ್ಮದು ಉಪದೇಶಿಯ ಬಾಳೆಲೆಗೇ ಕಣ್ಣು ಹಾಕುತ್ತದೆ. ನನಗೆ ನಮ್ಮದೇ ಹೆಚ್ಚು ನೇರ ಅನಿಸುತ್ತದೆ. ಆದರೆ ಅದು ಸಲ್ಲುವುದು ಊರಿಗೆಲ್ಲ ಬುದ್ಧಿ ಹೇಳಿದವನಿಗೆ. ಯಾರಿಗೂ ಏನೂ ಹೇಳದೆ ತನ್ನ ವ್ರತ ತಾನು ಮುರಿದ ಅಜ್ಜನಿಗೆ ಯಾಕೆ ಆ ಗಾದೆ?

ಶಿರಸಿ, ಸಿದ್ದಾಪುರ ಕಡೆಯ ಮಡಿವಂತರನ್ನೂ ಸುಮ್ಮನೆ ಈ ಸಾಲಿಗೆ ಎಳೆಯುತ್ತಾರೆ. ಮಡಿಯ ಹೆಸರಲ್ಲಿ ಇನ್ನೊಬ್ಬರನ್ನು ಹೊಸಿಲಾಚೆ ನಿಲ್ಲಿಸುವುದು ತಪ್ಪೇ, ಅದನ್ನು ಮುಖಕ್ಕೇ ಹೇಳಬೇಕು. ಆದರೆ ಬಾಗಿಲು ಹಾಕಿಕೊಂಡ ಮೇಲೂ ಅದೇ ಮಡಿಯಲ್ಲಿ ಇರುವವನು ನಿರ್ದಯಿ ಆಗಬಹುದು, ಡಾಂಭಿಕನಲ್ಲ.