ಕೋಟೆಗೆ ಕರೆತಂದು ಕೈ ಕಟ್ಟಿ ಕೂರಿಸಬೇಡಿ

ಇವತ್ತು ದುರ್ಗದ ಕೋಟೆಯಲ್ಲಿ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ಓಬವ್ವನ ಕಿಂಡಿಯ ಹತ್ತಿರ ಯಾವುದೋ ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿ, ಕೈ ಕಟ್ಟಿಸಿ ಇತಿಹಾಸ ಹೇಳುತ್ತಿದ್ದರು. ಒಬ್ಬ ಹುಡುಗಿ "ಮಿಸ್, ಒಳಗೆ ಹೋಗಿ ಬರ್ಲಾ?" ಅಂದಳು. "ಬಟ್ಟೆ ಕೊಳೆ ಆಗುತ್ತೆ, ಸುಮ್ನೆ ಕೂತ್ಕೋ" ಅಂದರು. ಕಥೆ ಮುಗಿದದ್ದೇ ಎಲ್ಲರನ್ನೂ ಎಬ್ಬಿಸಿ ಬಸ್ಸಿನ ಕಡೆ ಹೊರಡಿಸಿದರು.

ಹೊಟ್ಟೆ ಉರಿಯಿತು.

ಆ ಕಿಂಡಿಯ ಕಥೆ ಮೈ ಬಗ್ಗಿಸದೆ ಅರ್ಥವಾಗುವುದಿಲ್ಲ ರೀ. ನುಸುಳುವಾಗ ತಲೆ ಮೊದಲು ಬರುತ್ತದೆ. ಕೈಗಳು ಬಂಡೆ ಹಿಡಿದಿರುತ್ತವೆ, ಕತ್ತಿ ಬೀಸಲು ಜಾಗವಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಬರಲಾರ. ಹೈದರಾಲಿಯ ಸೈನಿಕರ ಎದುರು ಒಬ್ಬ ಕಾವಲುಗಾರನ ಹೆಂಡತಿಗೆ ಒಂದು ಒನಕೆ ಹೇಗೆ ಸಾಕಾಯಿತು? ಕತ್ತು ಬಗ್ಗಿಸಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಏಳು ಸುತ್ತಿನ ಕೋಟೆ ಪೂರ್ತಿ ಹಾಗೇ ಇದೆ. ಒಂದು ಬಾಗಿಲು ದಾಟಿದರೆ ಇನ್ನೊಂದು ನೇರ ಎದುರಿಗೆ ಸಿಗುವುದಿಲ್ಲ. ದಾರಿ ತಿರುಗುತ್ತದೆ, ಎರಡೂ ಕಡೆ ಎತ್ತರದ ಗೋಡೆ. ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು ಅಂತಲೇ ಹಾಗೆ ಕಟ್ಟಿದ್ದು. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಏದುಸಿರು ಬಿಡುತ್ತಾ ತಿರುವಿನಲ್ಲಿ ನಿಂತಾಗ, ಮೇಲಿಂದ ಯಾರೋ ನೋಡುತ್ತಿದ್ದಾರೆ ಅನಿಸಿ ಬೆನ್ನು ಜುಮ್ ಅನ್ನುತ್ತದಲ್ಲ, ಆಗ ಅದು ಕೋಟೆ.

1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಬೆಕ್ಕಿನ ಮರಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕತ್ತಲಲ್ಲಿ ಬೆಳೆಸಿದ ಮರಿಗಳನ್ನು ದಿನಕ್ಕೆ ಮೂರು ಗಂಟೆ ಜೋಡಿಯಾಗಿ ಬೆಳಕಿಗೆ ತರುತ್ತಿದ್ದರು. ಒಂದು ಮರಿ ತಾನೇ ನಡೆಯುತ್ತಿತ್ತು. ಇನ್ನೊಂದು ಅದಕ್ಕೆ ಕಟ್ಟಿದ ತೊಟ್ಟಿಯಲ್ಲಿ ಕೂತು ಸುತ್ತುತ್ತಿತ್ತು. ಎರಡೂ ಮರಿಗಳು ಕಂಡದ್ದು ಅದೇ ಗೋಡೆ, ಅದೇ ಪಟ್ಟೆ. ಆದರೆ ಮೇಜಿನ ಹತ್ತಿರ ಇಳಿಸಿದಾಗ ನಡೆದ ಮರಿ ಪಂಜ ಮುಂದೆ ಚಾಚಿತು. ಕೂತ ಮರಿ ಚಾಚಲಿಲ್ಲ. ಆಳ ಎಲ್ಲಿದೆ ಅಂತಲೂ ಅದಕ್ಕೆ ತಿಳಿಯಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು. ನೋಡುವುದನ್ನೂ ಕಾಲೇ ಕಲಿಸಬೇಕಿತ್ತು.

ಆಮೇಲೆ ಬೆಳಕಲ್ಲಿ ಓಡಾಡಲು ಬಿಟ್ಟಾಗ ಅದೂ ಕಲಿತುಕೊಂಡಿತು. ನನ್ನ ಆಸೆಯೆಲ್ಲ ಇದರ ಮೇಲೆಯೇ.

ಮೊಣಕಾಲು ಮುರಿದು ನಾನು ಮಲಗಿದ್ದು ನಿಮಗೆಲ್ಲ ಗೊತ್ತು. ಆಗ ನಮ್ಮ ಮನೆಯೇ ಬೇರೆಯಾಗಿತ್ತು. ಬಚ್ಚಲಿನ ಹೊಸ್ತಿಲು ದೊಡ್ಡದಾಗಿತ್ತು, ಬೀದಿ ತುದಿಯ ಅಂಗಡಿ ಪರಊರಾಗಿತ್ತು. ಯಾರಿಗೂ ಹೇಳಿರಲಿಲ್ಲ, ರಾತ್ರಿ ಅಳುತ್ತಿದ್ದೆ. ನೋವಿಗಲ್ಲ, ಪ್ರಪಂಚ ಅಷ್ಟು ಚಿಕ್ಕದಾಯಿತಲ್ಲ ಅಂತ. ಗಟ್ಟಿ ಕಾಲಿರುವ ಮಕ್ಕಳನ್ನು ಹೀಗೆ ಕೂರಿಸಿದರೆ ನನಗೆ ಸಿಟ್ಟು ಜಾಸ್ತಿ ಬರುವುದು ಅದಕ್ಕೇ.

ಬಿದ್ದರೆ ಯಾರು ಹೊಣೆ ಅಂತ ಮೇಷ್ಟ್ರುಗಳು ಕೇಳುತ್ತಾರೆ. ಆ ಭಯ ನನಗೂ ಅರ್ಥವಾಗುತ್ತದೆ. ಹಾಗಾದರೆ ಒಂದು ಬಸ್ಸಿಗೆ ಇನ್ನಿಬ್ಬರು ದೊಡ್ಡವರನ್ನು ಕಳಿಸಿ. ನಾಲ್ಕು ನಾಲ್ಕು ಮಕ್ಕಳನ್ನು ಬಿಡಿ. ಮಳೆ ಬಂದು ಬಂಡೆ ಜಾರುವ ದಿನ ಬರಲೇಬೇಡಿ. ಕೂರಿಸಿಯೇ ಹೇಳುವುದಾದರೆ ತರಗತಿಯಲ್ಲೇ ಹೇಳಬಹುದಿತ್ತು, ಅಲ್ವಾ?

ಪ್ರವಾಸಕ್ಕೆ ಹೊರಡುವ ಶಾಲೆಗಳಿಗೆ ನಾನು ಕೇಳುವುದು ಇಷ್ಟೇ: ಸಮವಸ್ತ್ರ ಬೇಡ, ಹಳೇ ಬಟ್ಟೆ ಹಾಕಿಸಿ ಕರೆತನ್ನಿ. ದುರ್ಗದಲ್ಲಿರುವ ನಾವು ಕೆಲವರು ಕಿಂಡಿಯ ಎರಡೂ ಕಡೆ ನಿಂತು ಮಕ್ಕಳ ಕೈ ಹಿಡಿಯುತ್ತೇವೆ. ಬರುವ ಒಂದು ದಿನ ಮುಂಚೆ ಒಂದು ಮೆಸೇಜ್ ಹಾಕಿ.